ನಮ್ಮ ಬಸ್ಸು ಈಗ ಎಲ್ಲಿದೆ?

ಸಂಜೆ ಆರು ಗಂಟೆಯ ಹೊತ್ತು. ಬೆಂಗಳೂರಿನ ಮಿನರ್ವ ವೃತ್ತದ ಬಸ್ ತಂಗುದಾಣದಲ್ಲಿ ಜನ ಸೇರಿದ್ದಾರೆ. ಓದಲೆಂದು ಊರಿನಿಂದ ಬಂದು ಇನ್ನೂ ತಿಂಗಳು ತುಂಬದ ವಿದ್ಯಾರ್ಥಿಯೊಬ್ಬ ಕೈಯಲ್ಲಿ ಮೊಬೈಲ್ ಹಿಡಿದು ನಿಂತಿದ್ದಾನೆ. ಅವನ ಬಸ್ಸು 3 ನಿಮಿಷದಲ್ಲಿ ಬರುತ್ತದೆ ಎಂದು ಮೊಬೈಲ್ ಹೇಳುತ್ತಿದೆ. ಐದು ನಿಮಿಷದ ಹಿಂದೆಯೂ ಅದು ಹೇಳಿದ್ದು ಇದನ್ನೇ. ಕೊನೆಗೆ ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಹೆಂಗಸನ್ನು ಕೇಳುತ್ತಾನೆ: "ಅಮ್ಮಾ, ಬನಶಂಕರಿ ಬಸ್ ಹೋಯ್ತಾ?"

"ಇಲ್ಲಪ್ಪ, ನಾನೂ ಅದಕ್ಕೇ ಕಾಯ್ತಿದೀನಿ. ಈ ಹೊತ್ತಲ್ಲಿ ಮಾರ್ಕೆಟ್ ಕಡೆ ಜಾಮು. ಬಂದ್ರೆ ಒಟ್ಟಿಗೇ ಎರಡು ಬರ್ತವೆ ನೋಡು."

ಇಂಥ ಮಾತುಕತೆ ನಮ್ಮ ನಗರಗಳಲ್ಲಿ ದಿನವೂ ನಡೆಯುತ್ತದೆ. ಇದರಲ್ಲಿ ವಿಚಾರ ಮಾಡಬೇಕಾದ ಮೂರು ಪ್ರಶ್ನೆಗಳಿವೆ. ಬಸ್ಸು ಎಲ್ಲಿದೆ ಎಂಬುದು ಮೊಬೈಲಿಗೆ ತಿಳಿಯುವುದು ಹೇಗೆ? ತಿಳಿದ ಮೇಲೂ ಅದು ಹೇಳುವ ಸಮಯ ತಪ್ಪುವುದೇಕೆ? ಕೈಯಲ್ಲಿ ಯಾವ ಯಂತ್ರವೂ ಇಲ್ಲದ ಆ ಹೆಂಗಸಿಗೆ ಎರಡು ಬಸ್ಸು ಒಟ್ಟಿಗೇ ಬರುತ್ತವೆಂದು ಗೊತ್ತಾದದ್ದು ಹೇಗೆ? ಕಿರುತೆರೆಯ ಮೇಲಿನ ಚರ್ಚೆಯಲ್ಲಿ ಇಂಥ ವಿಷಯಗಳು ಬೇಗ ಹಾದುಹೋಗುತ್ತವೆ. ಇಲ್ಲಿ ನಿಧಾನವಾಗಿ, ಲೆಕ್ಕ ಸಮೇತ ನೋಡೋಣ.

ಟಾಕೀಸುಗಳು ಬರೆದ ನಕ್ಷೆ

ಉಪಗ್ರಹಗಳ ವಿಷಯಕ್ಕೆ ಹೋಗುವ ಮೊದಲು, ಆ ಹುಡುಗ ನಿಂತಿರುವ ಜಾಗದ ಹೆಸರನ್ನೇ ಗಮನಿಸಿ. ಮಿನರ್ವ ಎಂಬುದು ಅಲ್ಲಿದ್ದ ಒಂದು ಚಿತ್ರಮಂದಿರದ ಹೆಸರು. ಚಿತ್ರಮಂದಿರ ಇಲ್ಲವಾಗಿ ಬಹಳ ಕಾಲವಾಯಿತು, ವೃತ್ತದ ಹೆಸರು ಮಾತ್ರ ಉಳಿದುಕೊಂಡಿದೆ. ನಗರದ ಅತಿ ದೊಡ್ಡ ಬಸ್ ನಿಲ್ದಾಣದ ಅಧಿಕೃತ ಹೆಸರು ಕೆಂಪೇಗೌಡ ಬಸ್ ನಿಲ್ದಾಣ. ಆದರೆ ಯಾವ ಕಂಡಕ್ಟರ್ ಕೂಗಿದರೂ "ಮೆಜೆಸ್ಟಿಕ್, ಮೆಜೆಸ್ಟಿಕ್" ಎಂದೇ ಕೂಗುತ್ತಾರೆ. ಅದೂ ಒಂದು ಚಿತ್ರಮಂದಿರದ ಹೆಸರೇ. ಆ ಮೆಜೆಸ್ಟಿಕ್ ಚಿತ್ರಮಂದಿರವೂ ಈಗ ಇಲ್ಲ. ನಿಲ್ದಾಣ ನಿಂತಿರುವ ನೆಲ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯ ಅಂಗಳ. ಕೆರೆ ಹೋಯಿತು, ಬಸ್ ನಿಲ್ದಾಣ ಬಂತು. ಬಳಿಯಲ್ಲಿದ್ದ ಟಾಕೀಸಿನ ಹೆಸರು ಇಡೀ ಪ್ರದೇಶಕ್ಕೆ ಅಂಟಿಕೊಂಡಿತು.

ರಾಜಾಜಿನಗರದ ಕಡೆಗೆ ಹೋದರೆ ನವರಂಗ್, ಬನಶಂಕರಿಯ ಕಡೆಗೆ ಹೋದರೆ ಕಾಮಾಕ್ಯ, ಸದಾಶಿವನಗರದ ಕಡೆಗೆ ಹೋದರೆ ಕಾವೇರಿ. ಈ ಸ್ಟಾಪುಗಳೆಲ್ಲ ಚಿತ್ರಮಂದಿರಗಳ ಹೆಸರಿನವೇ. ಕಾವೇರಿ ಚಿತ್ರಮಂದಿರ 2024ರಲ್ಲಿ ಬಾಗಿಲು ಮುಚ್ಚಿತು. ಆದರೂ ಆಟೋ ಹತ್ತಿ "ಕಾವೇರಿ ಥಿಯೇಟರ್ ಹತ್ರ ಬಿಡಿ" ಎಂದರೆ ಚಾಲಕರಿಗೆ ಸಲೀಸಾಗಿ ಅರ್ಥವಾಗುತ್ತದೆ.

ಹೀಗೇಕೆ ಆಯಿತು? ಮನೆಗೊಂದು ಟಿ.ವಿ. ಬರುವ ಮುನ್ನ ಸಾಮಾನ್ಯ ಜನರ ಮನರಂಜನೆಯೆಂದರೆ ಸಿನಿಮಾ. ಕೆಂಪೇಗೌಡ ರಸ್ತೆಯ ಸುತ್ತಮುತ್ತ ಸಾಗರ್, ಕಪಾಲಿ, ಸಂತೋಷ್, ನರ್ತಕಿ, ತ್ರಿಭುವನ್, ಅನುಪಮ ಮೊದಲಾದ ಚಿತ್ರಮಂದಿರಗಳು ಒತ್ತಾಗಿದ್ದವು. ಶುಕ್ರವಾರ ಹೊಸ ಚಿತ್ರ ಬಿಡುಗಡೆಯಾದರೆ ಬಾಗಿಲ ಮುಂದೆ ನಾಯಕನ ಎತ್ತರದ ಕಟೌಟ್, ಅದಕ್ಕೆ ಹೂವಿನ ಹಾರ, ಮುಂದೆ ತಮಟೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಇದಕ್ಕಿಂತ ದೊಡ್ಡ ಗುರುತು ಇನ್ನೊಂದು ಬೇಕಿರಲಿಲ್ಲ. ಅಕ್ಷರ ಬಾರದವರಿಗೂ ಕಟೌಟ್ ಓದಲು ಬರುತ್ತಿತ್ತು. ದಾರಿ ತೋರಿಸುವ ಗುರುತು ಎತ್ತರವಾಗಿರಬೇಕು, ಎಲ್ಲರಿಗೂ ತಿಳಿದಿರಬೇಕು, ಬೇಗ ಜಾಗ ಬದಲಿಸಬಾರದು. ಈ ಮೂರೂ ಗುಣ ಟಾಕೀಸಿಗಿತ್ತು.

ಸಿನಿಮಾಕ್ಕೂ ನಗರದ ಸಾರಿಗೆಗೂ ಬೇರೆ ನಂಟುಗಳೂ ಇವೆ. ಇಲ್ಲಿಯ ನಗರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಶಿವಾಜಿರಾವ್ ಗಾಯಕವಾಡ್ ಮುಂದೆ ರಜನಿಕಾಂತ್ ಆಗಿ ಬೆಳೆದರು. 2023ರಲ್ಲಿ ಅವರು ಜಯನಗರದ ಬಸ್ ಡಿಪೋಗೆ ಬಂದು ಅಲ್ಲಿಯ ಸಿಬ್ಬಂದಿಯನ್ನು ಮಾತನಾಡಿಸಿ ಹೋದರು. 1980ರಲ್ಲಿ ತೆರೆಕಂಡ 'ಆಟೋ ರಾಜ' ಚಿತ್ರದ ಶಂಕರ್ ನಾಗ್ ಅವರ ಭಾವಚಿತ್ರ ಇಂದಿಗೂ ಎಷ್ಟೋ ಆಟೋಗಳ ಹಿಂಭಾಗದಲ್ಲಿದೆ.

ಸಂಖ್ಯೆಗಳ ಭಾಷೆ

ನಗರದ ಎರಡನೆಯ ನಕ್ಷೆ ಬಸ್ಸಿನ ಹಣೆಯ ಮೇಲಿರುವ ಸಂಖ್ಯೆ. ಬೆಂಗಳೂರಿನಲ್ಲಿ ನಗರ ಸಾರಿಗೆಗಾಗಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಆರಂಭವಾದದ್ದು 1940ರಲ್ಲಿ. 1956ರಲ್ಲಿ ಅದು ಸರ್ಕಾರದ ವಶಕ್ಕೆ ಬಂದು ಬಿ.ಟಿ.ಎಸ್. ಆಯಿತು. 1997ರ ಆಗಸ್ಟ್ 15ರಂದು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ, ಅಂದರೆ ಬಿ.ಎಂ.ಟಿ.ಸಿ., ಪ್ರತ್ಯೇಕ ನಿಗಮವಾಯಿತು. ಹಿರಿಯರು ಈಗಲೂ "ಬಿ.ಟಿ.ಎಸ್. ಬಸ್" ಎಂದರೆ ಆಶ್ಚರ್ಯವಿಲ್ಲ. ಹೆಸರು ಬದಲಾದರೂ ನಾಲಿಗೆಯ ರೂಢಿ ಬೇಗ ಬದಲಾಗುವುದಿಲ್ಲ.

ಮಾರ್ಗಗಳ ಸಂಖ್ಯೆಗಳಲ್ಲಿ ಒಂದು ಕ್ರಮವಿದೆ. 335-ಇ ಎಂದರೆ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಕಡೆಗೆ. 365 ಎಂದರೆ ಬನ್ನೇರುಘಟ್ಟದ ಕಡೆಗೆ. 500ರಿಂದ ಶುರುವಾಗುವ ಹಲವು ಬಸ್ಸುಗಳು ನಗರದ ನಡುವಿಗೆ ಬಾರದೆ ಹೊರವರ್ತುಲ ರಸ್ತೆಯಲ್ಲಿ ಓಡುತ್ತವೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಹೋಗುವ 500-ಡಿ ಇದಕ್ಕೆ ಉದಾಹರಣೆ. ಸಂಖ್ಯೆಯ ಹಿಂದೆ ಬರುವ ಅಕ್ಷರ, ಅದೇ ದಾರಿಯ ಒಂದು ಕವಲನ್ನೋ ಬೇರೆ ಕೊನೆಯ ನಿಲ್ದಾಣವನ್ನೋ ಸೂಚಿಸುತ್ತದೆ. ಮುಂದೆ 'ವಿ' ಇದ್ದರೆ ಹವಾನಿಯಂತ್ರಿತ ವಜ್ರ ಬಸ್ಸು, 'ಕೆಐಎ' ಇದ್ದರೆ ವಿಮಾನ ನಿಲ್ದಾಣದ ಬಸ್ಸು. ಈ ಕ್ರಮಕ್ಕೆ ಅಪವಾದಗಳಿಲ್ಲವೆಂದಲ್ಲ. ಆದರೂ ಹತ್ತಿಪ್ಪತ್ತು ಸಂಖ್ಯೆಗಳನ್ನು ಮನನ ಮಾಡಿಕೊಂಡವರಿಗೆ ಇಡೀ ನಗರದ ದಿಕ್ಕು ತಿಳಿದಿರುತ್ತದೆ.

ಮೂರನೆಯ ನಕ್ಷೆ ಆಕಾಶದಿಂದ ಬಂದದ್ದು. ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಉಪಗ್ರಹ ಹೇಳುತ್ತದೆ, ಮೊಬೈಲ್ ಕೇಳುತ್ತದೆ

ಜಿ.ಪಿ.ಎಸ್. ಎಂದಕೂಡಲೆ ಉಪಗ್ರಹವೊಂದು ಮೇಲಿನಿಂದ ನಮ್ಮನ್ನು ನೋಡುತ್ತಿದೆ ಎಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು ಕಲ್ಪನೆ. ಒಂದು ಹೋಲಿಕೆ ಕೊಡಬಹುದು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ರೇಡಿಯೋ ಸಿಟಿ ಆರಂಭವಾಯಿತು. ಅಂದಿನಿಂದ ಹಾಡು, ಹರಟೆ, ನಡುನಡುವೆ ಯಾವ ರಸ್ತೆಯಲ್ಲಿ ವಾಹನ ದಟ್ಟಣೆಯಿದೆ ಎಂಬ ಸುದ್ದಿ, ಇವು ನಗರದ ದಿನಚರಿಯ ಭಾಗವಾದವು. ನೀವು ಬಸ್ಸಿನಲ್ಲಿ ಕೂತು ರೇಡಿಯೋ ಕೇಳುವಾಗ, ನೀವು ಕೇಳುತ್ತಿದ್ದೀರಿ ಎಂಬುದು ಆ ಕೇಂದ್ರಕ್ಕೆ ಗೊತ್ತಾಗುವುದಿಲ್ಲ. ಅದು ಎಲ್ಲರಿಗಾಗಿ ಪ್ರಸಾರ ಮಾಡುತ್ತದೆ, ನೀವು ಕೇಳಿಸಿಕೊಳ್ಳುತ್ತೀರಿ. ಜಿ.ಪಿ.ಎಸ್. ಉಪಗ್ರಹವೂ ಹೀಗೆಯೇ. ಅದು ನಿರಂತರವಾಗಿ ಪ್ರಸಾರ ಮಾಡುವುದು ಮುಖ್ಯವಾಗಿ ಎರಡು ಮಾತು: "ನಾನು ಇಂಥ ಜಾಗದಲ್ಲಿದ್ದೇನೆ, ಈಗ ನನ್ನ ಗಡಿಯಾರದಲ್ಲಿ ಇಷ್ಟು ಹೊತ್ತು." ಉಳಿದ ಲೆಕ್ಕವೆಲ್ಲ ನಿಮ್ಮ ಕೈಯಲ್ಲಿರುವ ಯಂತ್ರದ್ದು.

ಆ ಲೆಕ್ಕ ಯಾವುದು? ಮಿಂಚು ಕಂಡು ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ, ಸಿಡಿಲು ಎಷ್ಟು ದೂರದಲ್ಲಿ ಬಡಿಯಿತೆಂದು ಅಂದಾಜು ಮಾಡುವುದನ್ನು ನೀವು ಶಾಲೆಯಲ್ಲಿ ಕಲಿತಿರಬಹುದು. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು. ಇಲ್ಲಿಯೂ ಅದೇ ತತ್ತ್ವ. ಸಂಕೇತ ಹೊರಟ ಸಮಯಕ್ಕೂ ತಲುಪಿದ ಸಮಯಕ್ಕೂ ಇರುವ ಅಂತರವನ್ನು ಅದರ ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. ವೇಗ ಮಾತ್ರ ಶಬ್ದದ್ದಲ್ಲ, ಬೆಳಕಿನದು: ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿವೆ. ನೆತ್ತಿಯ ಮೇಲಿರುವ ಉಪಗ್ರಹದಿಂದ ಸಂಕೇತ ನಮ್ಮನ್ನು ತಲುಪಲು ಒಂದು ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಕಾಲ ಸಾಕು.

ಈಗ ನೆಲದ ಮೇಲಿನ ಒಂದು ಉದಾಹರಣೆ. ಗೆಳೆಯನೊಬ್ಬ ಫೋನ್ ಮಾಡಿ, "ನಾನು ಮೆಜೆಸ್ಟಿಕ್‌ನಿಂದ ನೇರ ಗೆರೆಯಲ್ಲಿ 2 ಕಿಲೋಮೀಟರು ದೂರದಲ್ಲಿದ್ದೇನೆ" ಎನ್ನುತ್ತಾನೆ. ನಕ್ಷೆಯಲ್ಲಿ ಮೆಜೆಸ್ಟಿಕ್ ಅನ್ನು ಕೇಂದ್ರವಾಗಿಟ್ಟು ಒಂದು ವೃತ್ತ ಎಳೆಯಿರಿ. ಅವನು ಆ ಗೆರೆಯ ಮೇಲೆ ಎಲ್ಲಾದರೂ ಇರಬಹುದು. ಶಿವಾಜಿನಗರದಿಂದ ತಾನಿರುವ ದೂರವನ್ನೂ ಹೇಳಿದರೆ ಎರಡನೆಯ ವೃತ್ತ ಸಿಗುತ್ತದೆ. ಎರಡು ವೃತ್ತಗಳು ಸಾಮಾನ್ಯವಾಗಿ ಎರಡು ಬಿಂದುಗಳಲ್ಲಿ ಕೂಡುತ್ತವೆ. ಲಾಲ್‌ಬಾಗ್‌ನಿಂದಿರುವ ದೂರವೂ ತಿಳಿದರೆ, ಅವನು ಆ ಎರಡರಲ್ಲಿ ಯಾವ ಬಿಂದುವಿನಲ್ಲಿದ್ದಾನೆಂದು ಖಚಿತವಾಗುತ್ತದೆ. ಉಪಗ್ರಹಗಳ ವಿಷಯದಲ್ಲಿ ವೃತ್ತದ ಬದಲು ಗೋಳ, ಅಷ್ಟೇ ವ್ಯತ್ಯಾಸ.

ಗಡಿಯಾರವೇ ಅಳತೆಗೋಲು

ಹಾಗಾದರೆ ಮೂರು ಉಪಗ್ರಹ ಸಾಕಲ್ಲವೇ? ಸಾಲದು, ಕನಿಷ್ಠ ನಾಲ್ಕು ಬೇಕು. ಕಾರಣ ನಮ್ಮ ಮೊಬೈಲಿನ ಗಡಿಯಾರ. ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ, ನಮ್ಮಲ್ಲಿರುವುದು ಅಗ್ಗದ ಸ್ಫಟಿಕ ಗಡಿಯಾರ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಿದರೂ ದೂರದ ಲೆಕ್ಕ 300 ಮೀಟರು ತಪ್ಪುತ್ತದೆ, ಅಂದರೆ ಒಂದು ಬಸ್ ಸ್ಟಾಪಿನಷ್ಟು. ಆದ್ದರಿಂದ ಯಂತ್ರವು ಅಕ್ಷಾಂಶ, ರೇಖಾಂಶ, ಎತ್ತರಗಳ ಜೊತೆಗೆ ತನ್ನ ಗಡಿಯಾರದ ತಪ್ಪನ್ನೂ ನಾಲ್ಕನೆಯ ಅಜ್ಞಾತ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ನಾಲ್ಕು ಅಜ್ಞಾತಗಳಿಗೆ ನಾಲ್ಕು ಸಮೀಕರಣ ಬೇಕೆಂಬುದು ಬೀಜಗಣಿತದ ನಿಯಮ. ನಾಲ್ಕನೆಯ ಉಪಗ್ರಹ ಬೇಕಾಗುವುದು ಇದಕ್ಕೇ.

ಪರಮಾಣು ಗಡಿಯಾರವನ್ನೂ ಹಾಗೆಯೇ ಬಿಡುವಂತಿಲ್ಲ. ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತದ ಪ್ರಕಾರ ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ, ಗುರುತ್ವ ಕಡಿಮೆಯಿರುವ ಎತ್ತರದ ಗಡಿಯಾರ ಬೇಗ ಓಡುತ್ತದೆ. ಮೊದಲನೆಯ ಕಾರಣದಿಂದ ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡು ಹಿಂದೆ, ಎರಡನೆಯ ಕಾರಣದಿಂದ 45 ಮೈಕ್ರೋಸೆಕೆಂಡು ಮುಂದೆ, ಒಟ್ಟಿನಲ್ಲಿ 38 ಮೈಕ್ರೋಸೆಕೆಂಡು ಮುಂದೆ. ಇದನ್ನು ಸರಿಪಡಿಸದೆ ಬಿಟ್ಟರೆ ಒಂದು ದಿನದಲ್ಲಿ ಸೇರಿಕೊಳ್ಳುವ ತಪ್ಪು ಸುಮಾರು 11 ಕಿಲೋಮೀಟರು. ಮೆಜೆಸ್ಟಿಕ್‌ನಲ್ಲಿ ನಿಂತವರನ್ನು ನಗರದಂಚಿಗೆ ಕಳಿಸಲು ಅಷ್ಟು ಸಾಕು. ಪಠ್ಯಪುಸ್ತಕದಲ್ಲಿ ದೂರದ ಸಂಗತಿಯಂತೆ ಕಾಣುವ ಭೌತಶಾಸ್ತ್ರ ನಮ್ಮ ಬಸ್ ಪ್ರಯಾಣದಲ್ಲಿ ದಿನವೂ ಕೆಲಸ ಮಾಡುತ್ತಿದೆ.

ಈ ವ್ಯವಸ್ಥೆ ಹುಟ್ಟಿದ್ದು ಬಸ್ಸಿಗಾಗಿ ಅಲ್ಲ, ಅಮೆರಿಕದ ಸೇನೆಗಾಗಿ. ಇದರ ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. 1983ರ ಸೆಪ್ಟೆಂಬರಿನಲ್ಲಿ ಕೊರಿಯದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶಕ್ಕೆ ಹೋಯಿತು. ಅದನ್ನು ಹೊಡೆದುರುಳಿಸಲಾಯಿತು, 269 ಜನ ಸತ್ತರು. ಆ ದುರಂತದ ಬೆನ್ನಿಗೆ, ವ್ಯವಸ್ಥೆ ಸಿದ್ಧವಾದ ಮೇಲೆ ಅದನ್ನು ನಾಗರಿಕರಿಗೂ ಉಚಿತವಾಗಿ ಕೊಡುವುದಾಗಿ ಅಂದಿನ ಅಧ್ಯಕ್ಷ ರೇಗನ್ ಅವರ ಸರ್ಕಾರ ಘೋಷಿಸಿತು. ಆದರೂ ನಾಗರಿಕರಿಗೆ ಸಿಗುವ ಸಂಕೇತದ ನಿಖರತೆಯನ್ನು ಬೇಕೆಂದೇ ಕಡಿಮೆ ಮಾಡಲಾಗುತ್ತಿತ್ತು, 100 ಮೀಟರಿನವರೆಗೆ ತಪ್ಪು ಬರುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಆ ಕಟ್ಟುಪಾಡು ತೆಗೆದ ಮೇಲಷ್ಟೇ ಅದು ನಗರದ ಬೀದಿಯಲ್ಲಿ ದಾರಿ ತೋರಿಸಲು ಯೋಗ್ಯವಾಯಿತು.

ಬ್ಯಾಲಾಳಿನ ಮಾತು

ಬೇರೊಂದು ದೇಶದ ಸೇನೆಯ ಕೈಯಲ್ಲಿರುವ ವ್ಯವಸ್ಥೆಯನ್ನು ಎಷ್ಟರ ಮಟ್ಟಿಗೆ ನಂಬಿ ಕೂರಬಹುದು? 1999ರ ಕಾರ್ಗಿಲ್ ಯುದ್ಧದ ನಂತರ ಈ ಪ್ರಶ್ನೆ ನಮ್ಮಲ್ಲಿ ಗಟ್ಟಿಯಾಗಿ ಕೇಳಿಬಂತು. 2006ರಲ್ಲಿ ಕೇಂದ್ರ ಸರ್ಕಾರ ನಮ್ಮದೇ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿತು. 2013ರ ಜುಲೈ 1ರಂದು ಮೊದಲ ಉಪಗ್ರಹ ಹಾರಿತು. 2016ರ ಏಪ್ರಿಲ್ 28ರಂದು ಏಳನೆಯದು ಹಾರಿದಾಗ ಇದಕ್ಕೆ 'ನಾವಿಕ್' ಎಂದು ಹೆಸರಿಡಲಾಯಿತು. ಭಾರತ ಮತ್ತು ಅದರ ಗಡಿಯಿಂದ ಸುಮಾರು 1,500 ಕಿಲೋಮೀಟರಿನವರೆಗಿನ ಪ್ರದೇಶ ಇದರ ವ್ಯಾಪ್ತಿ.

ಇದರಲ್ಲಿ ಕನ್ನಡ ನಾಡಿಗೆ ನೇರ ಪಾಲಿದೆ. ಇಸ್ರೋದ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿ. ನಾವಿಕ್ ವ್ಯವಸ್ಥೆಯ ಸಂಚರಣಾ ಕೇಂದ್ರ ಇರುವುದು ನಗರದ ಹೊರವಲಯದ ಬ್ಯಾಲಾಳು ಗ್ರಾಮದಲ್ಲಿ. ಉಪಗ್ರಹಗಳ ಸ್ಥಾನ ಮತ್ತು ಸಮಯವನ್ನು ಲೆಕ್ಕ ಹಾಕಿ ತಿದ್ದುವ ಕೆಲಸ ಅಲ್ಲಿ ನಡೆಯುತ್ತದೆ. ಈ ದಾರಿ ಸುಗಮವಾಗಿಯೇನೂ ಇರಲಿಲ್ಲ. ಹೊರದೇಶದಿಂದ ತರಿಸಿದ ಪರಮಾಣು ಗಡಿಯಾರಗಳು ಕೆಲವು ಉಪಗ್ರಹಗಳಲ್ಲಿ ಕೆಟ್ಟುಹೋದವು. ಗಡಿಯಾರ ಕೆಟ್ಟರೆ ಉಪಗ್ರಹ ಚೆನ್ನಾಗಿದ್ದರೂ ದಾರಿ ತೋರಿಸಲಾರದು ಎಂಬುದನ್ನು ಮೇಲೆಯೇ ನೋಡಿದೆವು. 2023ರ ಮೇ 29ರಂದು ಹಾರಿದ ಉಪಗ್ರಹದಲ್ಲಿ ನಮ್ಮ ವಿಜ್ಞಾನಿಗಳೇ ತಯಾರಿಸಿದ ರುಬಿಡಿಯಂ ಗಡಿಯಾರವನ್ನು ಇಡಲಾಯಿತು. 2025ರ ಜನವರಿಯಲ್ಲಿ ಹಾರಿದ ಅದರ ಮುಂದಿನ ಉಪಗ್ರಹ ಉದ್ದೇಶಿಸಿದ ಕಕ್ಷೆಯನ್ನು ತಲುಪಲಿಲ್ಲ. ಗೆಲುವು ಸೋಲು ಎರಡನ್ನೂ ತಿಳಿದುಕೊಂಡರೆ ಮಾತ್ರ ವಿಜ್ಞಾನದ ಕೆಲಸ ಎಷ್ಟು ಕಷ್ಟದ್ದು ಎಂಬುದು ಅರ್ಥವಾಗುತ್ತದೆ.

"3 ನಿಮಿಷ" ಎಂಬುದು ಅಳತೆಯಲ್ಲ, ಅಂದಾಜು

ಈಗ ಮಿನರ್ವ ವೃತ್ತದ ಹುಡುಗನ ಬಳಿಗೆ ಹಿಂತಿರುಗೋಣ. ಬೆಂಗಳೂರಿನ ನಗರ ಬಸ್ಸುಗಳಲ್ಲಿ ಜಿ.ಪಿ.ಎಸ್. ಯಂತ್ರಗಳನ್ನು ದೊಡ್ಡ ಪ್ರಮಾಣದಲ್ಲಿ ಅಳವಡಿಸಿ, ಪ್ರಯಾಣಿಕರ ಮೊಬೈಲಿಗೆ ಮಾಹಿತಿ ಕೊಡುವ ವ್ಯವಸ್ಥೆ 2016ರಲ್ಲಿ ಆರಂಭವಾಯಿತು. 2023ರಲ್ಲಿ 'ನಮ್ಮ ಬಿ.ಎಂ.ಟಿ.ಸಿ.' ಎಂಬ ಹೊಸ ಆ್ಯಪ್ ಬಂತು. ಬಸ್ಸಿನಲ್ಲಿರುವ ಯಂತ್ರ ಉಪಗ್ರಹಗಳಿಂದ ತನ್ನ ಜಾಗ ತಿಳಿದುಕೊಂಡು, ಮೊಬೈಲ್ ಜಾಲದ ಮೂಲಕ ಅದನ್ನು ಕೇಂದ್ರ ಗಣಕಕ್ಕೆ ಆಗಾಗ ಕಳಿಸುತ್ತದೆ. ಅಲ್ಲಿಂದ ಅದು ನಿಮ್ಮ ಕೈಗೆ ಬರುತ್ತದೆ.

ಈ ಸರಪಳಿಯ ಯಾವ ಕೊಂಡಿ ಸಡಿಲವಾದರೂ ಮಾಹಿತಿ ತಪ್ಪುತ್ತದೆ. ಮೇಲ್ಸೇತುವೆಯ ಅಡಿಯಲ್ಲಿ ಉಪಗ್ರಹದ ಸಂಕೇತ ಮರೆಯಾಗುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ದೂರ ಹೆಚ್ಚಾಗಿ ಕಾಣುತ್ತದೆ, ಬಸ್ಸು ಪಕ್ಕದ ಬೀದಿಯಲ್ಲಿರುವಂತೆ ತೋರುತ್ತದೆ. ಮೊಬೈಲ್ ಜಾಲ ದುರ್ಬಲವಾದರೆ ಹಳೆಯ ಜಾಗವೇ ಪರದೆಯ ಮೇಲೆ ನಿಂತುಬಿಡುತ್ತದೆ.

ಎಲ್ಲವೂ ಸರಿಯಿದ್ದರೂ ಒಂದು ಮುಖ್ಯ ಭೇದವನ್ನು ನೆನಪಿಡಬೇಕು. ಬಸ್ಸು ಎಲ್ಲಿದೆ ಎಂಬುದು ಅಳತೆ. ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಅಂದಾಜು. ಬಸ್ಸು ಇಲ್ಲಿಯವರೆಗೆ ಬಂದ ವೇಗ, ಉಳಿದ ದೂರ, ಬೇರೆ ದಿನಗಳಲ್ಲಿ ಇದೇ ಹೊತ್ತಿಗೆ ಹಿಡಿದ ಸಮಯ ಮುಂತಾದವುಗಳಿಂದ ಯಂತ್ರ ಅಂದಾಜು ಮಾಡುತ್ತದೆ. ಮುಂದಿನ ಸಿಗ್ನಲ್ಲಿನಲ್ಲಿ ಮೆರವಣಿಗೆ ಬರಲಿದೆಯೇ, ಸ್ಟಾಪಿನಲ್ಲಿ ನಲವತ್ತು ಜನ ಹತ್ತಲಿದ್ದಾರೆಯೇ ಎಂಬುದು ಯಾವ ಉಪಗ್ರಹಕ್ಕೂ ಗೊತ್ತಿಲ್ಲ. ಎರಡನ್ನೂ ಪರದೆ ಒಂದೇ ಬಗೆಯ ಅಂಕಿಯಲ್ಲಿ ತೋರಿಸುವುದರಿಂದ ನಾವು ಅಂದಾಜನ್ನೂ ಅಳತೆಯೆಂದು ನಂಬಿಬಿಡುತ್ತೇವೆ. ತಪ್ಪು ಯಂತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ ನಮ್ಮ ನಂಬಿಕೆಯಲ್ಲಿದೆ.

ಎರಡು ಬಸ್ಸು ಒಟ್ಟಿಗೇ ಬರುವುದೇಕೆ?

ತರಕಾರಿ ಚೀಲದ ಆ ಹೆಂಗಸು ಹೇಳಿದ ಮಾತಿಗೆ ಗಣಿತದ ಆಧಾರವಿದೆ. ಹತ್ತು ನಿಮಿಷಕ್ಕೊಂದರಂತೆ ಬಸ್ಸುಗಳು ಹೊರಟಿವೆ ಎನ್ನಿ. ಮೊದಲ ಬಸ್ಸು ಜಾಮಿನಲ್ಲಿ ಸಿಕ್ಕಿ ಎರಡು ನಿಮಿಷ ತಡವಾಯಿತು. ಅಷ್ಟರಲ್ಲಿ ಮುಂದಿನ ಸ್ಟಾಪಿನಲ್ಲಿ ಜನ ಹೆಚ್ಚು ಸೇರಿರುತ್ತಾರೆ. ಅವರೆಲ್ಲ ಹತ್ತಿ, ಟಿಕೆಟ್ ಕೊಂಡು, "ಒಳಗೆ ಹೋಗಿ, ಒಳಗೆ ಹೋಗಿ" ಎನ್ನಿಸಿಕೊಂಡು, ಕಂಡಕ್ಟರ್ "ರೈಟ್ ರೈಟ್" ಎನ್ನುವಷ್ಟರಲ್ಲಿ ಇನ್ನಷ್ಟು ತಡ. ಹಿಂದಿನ ಬಸ್ಸಿಗಾದರೋ ಸ್ಟಾಪುಗಳಲ್ಲಿ ಜನರೇ ಇಲ್ಲ, ಅದು ಬೇಗ ಬೇಗ ಮುಂದೆ ಬರುತ್ತದೆ. ಕೊನೆಗೆ ತುಂಬಿದ ಬಸ್ಸಿನ ಬೆನ್ನಿಗೇ ಖಾಲಿ ಬಸ್ಸು. ಚಾಲಕರು ಮಾತಾಡಿಕೊಂಡು ಹೀಗೆ ಬಂದದ್ದಲ್ಲ. ಸಣ್ಣ ತಡ ತಾನಾಗಿಯೇ ಬೆಳೆಯುವ ಗುಣ ಈ ವ್ಯವಸ್ಥೆಯಲ್ಲೇ ಇದೆ.

ಇದರಿಂದ ಕಾಯುವವರಿಗೆ ಆಗುವ ನಷ್ಟ ನೋಡಿ. ಗಂಟೆಗೆ ಆರು ಬಸ್ಸು, ಹತ್ತು ನಿಮಿಷಕ್ಕೊಂದು ಸರಿಯಾಗಿ ಬಂದರೆ, ಯಾವುದೋ ಹೊತ್ತಿನಲ್ಲಿ ಸ್ಟಾಪಿಗೆ ಬಂದ ಪ್ರಯಾಣಿಕ ಸರಾಸರಿ 5 ನಿಮಿಷ ಕಾಯಬೇಕು. ಅದೇ ಆರು ಬಸ್ಸುಗಳು ಎರಡೆರಡಾಗಿ 20 ನಿಮಿಷಕ್ಕೊಮ್ಮೆ ಬಂದರೆ ಸರಾಸರಿ ಕಾಯುವ ಹೊತ್ತು 10 ನಿಮಿಷ. ಬಸ್ಸುಗಳ ಸಂಖ್ಯೆ ಅಷ್ಟೇ, ಡೀಸೆಲ್ ಖರ್ಚೂ ಹೆಚ್ಚುಕಡಿಮೆ ಅಷ್ಟೇ, ಆದರೆ ಜನರ ಕಾಯುವಿಕೆ ಎರಡರಷ್ಟು. "ಗಂಟೆಗೆ ಆರು ಬಸ್ಸು ಬಿಟ್ಟಿದ್ದೇವೆ" ಎಂದು ಲೆಕ್ಕ ಕೊಡುವವರ ಮಾತೂ ನಿಜ, "ಬಸ್ಸೇ ಬರೋದಿಲ್ಲ" ಎನ್ನುವ ಪ್ರಯಾಣಿಕರ ಮಾತೂ ನಿಜ.

ಜಿ.ಪಿ.ಎಸ್. ಯಂತ್ರದ ನಿಜವಾದ ಉಪಯೋಗ ಇಲ್ಲಿದೆ. ಬಸ್ಸುಗಳು ಗುಂಪಾಗುತ್ತಿರುವುದನ್ನು ನಿಯಂತ್ರಣ ಕೊಠಡಿಯಲ್ಲಿ ಕೂತವರು ಮೊದಲೇ ನೋಡಿ, ಹಿಂದಿನ ಬಸ್ಸನ್ನು ಒಂದು ನಿಲ್ದಾಣದಲ್ಲಿ ಎರಡು ನಿಮಿಷ ನಿಲ್ಲಿಸಿದರೆ ಅಂತರ ಸರಿಹೋಗುತ್ತದೆ. ಬಸ್ಸು ತಡವಾಗಿದೆ ಎಂದು ಪ್ರಯಾಣಿಕನಿಗೆ ತಿಳಿಸುವುದು ಸಣ್ಣ ಉಪಯೋಗ. ತಡವಾಗದಂತೆ ನೋಡಿಕೊಳ್ಳುವುದು ದೊಡ್ಡ ಉಪಯೋಗ.

ಮೊಬೈಲ್ ಇಲ್ಲದವರ ಬಸ್ಸು

ಇನ್ನೊಂದು ಪ್ರಶ್ನೆ ಉಳಿದಿದೆ. ಬಸ್ಸಿನ ಮಾಹಿತಿ ಯಾರಿಗಾಗಿ? ಬೆಳಗಿನ ಜಾವ ಮನೆಗೆಲಸಕ್ಕೆ ಹೊರಡುವವರು, ಮಾರ್ಕೆಟ್‌ನಿಂದ ಹೂವಿನ ಮೂಟೆ ತರುವವರು, ಆಸ್ಪತ್ರೆಗೆ ಬಂದ ಹಳ್ಳಿಯ ವೃದ್ಧರು, ಇವರೆಲ್ಲರ ಬಳಿ ಆ್ಯಪ್ ಇರುವ ಮೊಬೈಲ್ ಇರಬೇಕೆಂದಿಲ್ಲ. ಇದ್ದರೂ ಓದಲು ಬರಬೇಕೆಂದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣ ಕೊಡಬೇಕಿಲ್ಲ. ಹಿಂದೆ ನಾಲ್ಕು ಹೆಜ್ಜೆ ನಡೆದೇ ಹೋಗುತ್ತಿದ್ದ ಎಷ್ಟೋ ಹೆಂಗಸರು ಬಸ್ಸು ಹತ್ತುವಂತಾಯಿತು. ಟಿಕೆಟ್ ಉಚಿತವಾದರೆ ಅರ್ಧ ತೊಡಕು ಕಳೆಯಿತು. ಯಾವ ಬಸ್ಸು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ತಿಳಿಯದಿದ್ದರೆ ಉಳಿದರ್ಧ ಹಾಗೆಯೇ ಇರುತ್ತದೆ.

ಆದ್ದರಿಂದ ಮಾಹಿತಿ ಮೊಬೈಲಿನೊಳಗೆ ಮಾತ್ರ ಸೇರಿಕೊಳ್ಳಬಾರದು. ತಂಗುದಾಣದಲ್ಲಿ ದೊಡ್ಡ ಕನ್ನಡ ಅಕ್ಷರಗಳ ಫಲಕ ಬೇಕು, ಬಸ್ಸಿನೊಳಗೆ ಮುಂದಿನ ನಿಲ್ದಾಣವನ್ನು ಹೇಳುವ ದನಿ ಬೇಕು. ದೃಷ್ಟಿ ಇಲ್ಲದವರಿಗೆ ಬಸ್ಸಿನ ಸಂಖ್ಯೆಯನ್ನು ಧ್ವನಿಯಲ್ಲಿ ತಿಳಿಸುವ ಸಾಧನವನ್ನು ಬೆಂಗಳೂರಿನ ಕೆಲವು ಬಸ್ಸುಗಳಲ್ಲಿ ಅಳವಡಿಸಿರುವುದು ಒಳ್ಳೆಯ ಹೆಜ್ಜೆ. ಬಾಯಿಬಿಟ್ಟು ಕೇಳಿದರೆ ಉತ್ತರಿಸುವ ಕಂಡಕ್ಟರಂತೂ ಬೇಕೇ ಬೇಕು. ಚಿಲ್ಲರೆ ಇಲ್ಲದಿದ್ದಾಗ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವ, "ಮುಂದಿನ ಸ್ಟಾಪ್ ನಿಮ್ದೇ, ಬಾಗಿಲ ಹತ್ರ ಬನ್ನಿ ಅಜ್ಜಿ" ಎನ್ನುವ ಕೆಲಸವನ್ನು ಇನ್ನೂ ಯಾವ ಯಂತ್ರವೂ ಮಾಡಿಲ್ಲ.

ವಿದ್ಯಾರ್ಥಿ ಮಿತ್ರರೇ, ಯಂತ್ರವನ್ನು ಬಿಡಿ ಎಂದು ಇಲ್ಲಿ ಹೇಳುತ್ತಿಲ್ಲ. ಅಪರಿಚಿತ ನಗರದಲ್ಲಿ ರಾತ್ರಿ ಹೊತ್ತು ಒಬ್ಬಂಟಿಯಾಗಿ ಹೋಗುವವರಿಗೆ ಅದು ದೊಡ್ಡ ಧೈರ್ಯ. ಆದರೆ ನೀಲಿ ಚುಕ್ಕೆಯನ್ನೇ ನೋಡುತ್ತ ಹೋದವರಿಗೆ ಬ್ಯಾಟರಿ ಮುಗಿದಾಗ ದಾರಿಯೂ ಮುಗಿಯುತ್ತದೆ. ಟಾಕೀಸಿನ ಹೆಸರು, ಬಸ್ಸಿನ ಸಂಖ್ಯೆ, ಉಪಗ್ರಹದ ಅಂಕಿ, ಈ ಮೂರು ನಕ್ಷೆಗಳನ್ನೂ ಓದಲು ಬಲ್ಲವರಿಗೆ ನಗರ ತಮ್ಮದಾಗುತ್ತದೆ. ಮಿನರ್ವ ವೃತ್ತದ ಆ ಹುಡುಗ ಮೊಬೈಲಿನಿಂದ ತಲೆಯೆತ್ತಿ ಪಕ್ಕದವರನ್ನು ಕೇಳಿದನಲ್ಲ, ಅವನು ನಗರವನ್ನು ಕಲಿಯಲು ಆರಂಭಿಸಿದ್ದು ಆ ಗಳಿಗೆಯಲ್ಲಿ.

ಮಾಡಿ ನೋಡಿ

1. ನಿಮ್ಮ ಮನೆಯಿಂದ ಶಾಲೆ ಅಥವಾ ಕಾಲೇಜಿಗೆ ಬರುವ ದಾರಿಯ ನಕ್ಷೆಯನ್ನು ಮೊಬೈಲ್ ನೋಡದೆ ಬರೆಯಿರಿ. ಅಂಗಡಿ, ಮರ, ದೇವಸ್ಥಾನ, ಟಾಕೀಸು, ನಿಮಗೆ ಗುರುತಾಗಿರುವುದನ್ನೆಲ್ಲ ತೋರಿಸಿ. ನಂತರ ಅದನ್ನು ಮೊಬೈಲಿನ ನಕ್ಷೆಯೊಡನೆ ಹೋಲಿಸಿ.

2. ನಿಮ್ಮ ಊರಿನ ಬಸ್ ಸ್ಟಾಪುಗಳಲ್ಲಿ, ಈಗ ಇಲ್ಲದಿರುವ ಕೆರೆ, ಕಾರ್ಖಾನೆ, ಚಿತ್ರಮಂದಿರಗಳ ಹೆಸರು ಹೊತ್ತವು ಎಷ್ಟಿವೆ? ಹಿರಿಯರನ್ನು ಕೇಳಿ ಪಟ್ಟಿ ಮಾಡಿ.

3. ಒಂದು ಸ್ಟಾಪಿನಲ್ಲಿ ಒಂದು ಗಂಟೆ ನಿಂತು, ಒಂದೇ ಮಾರ್ಗದ ಬಸ್ಸುಗಳು ಬಂದ ಸಮಯವನ್ನು ಬರೆದುಕೊಳ್ಳಿ. ಮೊಬೈಲ್ ಹೇಳಿದ ಸಮಯಕ್ಕೂ ಬಸ್ಸು ಬಂದ ಸಮಯಕ್ಕೂ ಎಷ್ಟು ವ್ಯತ್ಯಾಸವಿತ್ತು?

4. ಬಸ್ಸುಗಳ ನಡುವಿನ ಅಂತರ ಒಮ್ಮೆ 15 ನಿಮಿಷ, ಒಮ್ಮೆ 5 ನಿಮಿಷ, ಹೀಗೆ ಬದಲಾಗುತ್ತಿದ್ದರೆ ಸರಾಸರಿ ಎಷ್ಟು ಹೊತ್ತು ಕಾಯಬೇಕು? ಉತ್ತರ 5 ನಿಮಿಷವಲ್ಲ, 6 ನಿಮಿಷ 15 ಸೆಕೆಂಡು. ಹೇಗೆಂದು ಯೋಚಿಸಿ. ಸುಳಿವು: ಯಾವುದೋ ಹೊತ್ತಿನಲ್ಲಿ ಬಂದ ಪ್ರಯಾಣಿಕ ದೊಡ್ಡ ಅಂತರದೊಳಗೆ ಸಿಕ್ಕಿಕೊಳ್ಳುವ ಸಂಭವ ನಾಲ್ಕರಲ್ಲಿ ಮೂರು.